ಓಣಿಯ ಟಿಸಿ ಮತ್ತು ಬ್ಯಾಟರಿ ಕಾರು

ಕೇಳುಗರಿಗೆ ನಮಸ್ಕಾರ.

ಹುಬ್ಬಳ್ಳಿ-ಧಾರವಾಡದ ಬಡಾವಣೆಗಳಲ್ಲಿ ಸಂಜೆ ಏಳರ ಹೊತ್ತಿಗೆ ಅಡ್ಡಾಡಿದರೆ, ಕಿಟಕಿಯ ಸಂದಿಯಿಂದ ಹೊರಬಿದ್ದ ವೈರೊಂದು ಅಂಗಳದಲ್ಲಿ ನಿಂತ ಸ್ಕೂಟರಿಗೋ ಕಾರಿಗೋ ಜೋಡಿಸಿಕೊಂಡಿರುವುದು ಈಗ ಕಣ್ಣಿಗೆ ಬೀಳುತ್ತದೆ. ಇಷ್ಟೊಂದು ವಾಹನಗಳಿಗೆ ಸಾಲುವಷ್ಟು ವಿದ್ಯುತ್ ನಮ್ಮಲ್ಲಿದೆಯೇ ಎಂದು ಬಹಳ ಜನ ಕೇಳುತ್ತಾರೆ. ನನ್ನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಓಣಿಯ ಮೂಲೆಯಲ್ಲಿ ಎರಡು ಕಂಬಗಳ ನಡುವೆ ಕೂತಿರುವ ಟಿಸಿ, ಅಂದರೆ ವಿತರಣಾ ಪರಿವರ್ತಕ, ಯಾವ ಹೊತ್ತಿನಲ್ಲಿ ಎಷ್ಟು ಭಾರ ಹೊರಬಲ್ಲದು ಎಂಬುದನ್ನು ಮೊದಲು ಕೇಳಬೇಕು.

ಸ್ಕೂಟರಿನ ಚಾರ್ಜರು ಸಾಮಾನ್ಯವಾಗಿ ಒಂದು ಇಸ್ತ್ರಿ ಪೆಟ್ಟಿಗೆಯಷ್ಟು ವಿದ್ಯುತ್ ಎಳೆಯುತ್ತದೆ, ಅದರ ಚಿಂತೆ ಸದ್ಯಕ್ಕೆ ಬೇಡ. ಕಾರಿನ ಲೆಕ್ಕ ಬೇರೆ. ಗೋಡೆಗೆ ಕೂರಿಸುವ 7.2 ಕಿಲೋವಾಟಿನ ಚಾರ್ಜರು 230 ವೋಲ್ಟಿನಲ್ಲಿ ಸುಮಾರು 31 ಆಂಪಿಯರ್ ಎಳೆಯುತ್ತದೆ. 11 ಸಾವಿರ ವೋಲ್ಟನ್ನು 433ಕ್ಕೆ ಇಳಿಸುವ, 100 ಕೆವಿಎ ಸಾಮರ್ಥ್ಯದ ಟಿಸಿಯೊಂದು ಒಂದೊಂದು ಫೇಸಿನಲ್ಲಿ, ಅಂದರೆ ಅದರಿಂದ ಹೊರಡುವ ಮೂರು ವಿದ್ಯುತ್ ತಂತಿಗಳಲ್ಲಿ ಒಂದೊಂದರಲ್ಲಿ, ಕೊಡಬಲ್ಲದ್ದು ಸುಮಾರು 133 ಆಂಪಿಯರ್. ಒಂದೇ ಫೇಸಿಗೆ ಇಂಥ ಎರಡು ಕಾರು ಬಿದ್ದರೆ ಅದರ ಹತ್ತಿರ ಹತ್ತಿರ ಅರ್ಧ ಶಕ್ತಿ ಅಲ್ಲಿಗೇ ಮುಗಿಯಿತು. ಮನೆಗೆ ಮೂರು ಫೇಸಿನ ಸಂಪರ್ಕವಿದ್ದರೂ ಈ ಚಾರ್ಜರು ಎಳೆಯುವುದು ಒಂದರಿಂದಲೇ.

ಗೀಜರು ಕೂಡ ಎರಡು ಕಿಲೋವಾಟ್ ಎಳೆಯುವುದಿಲ್ಲವೇ ಎಂದು ಕೇಳಬಹುದು. ಎಳೆಯುತ್ತದೆ, ಆದರೆ ನೀರು ಕಾದೊಡನೆ ತಾನಾಗಿ ನಿಲ್ಲುತ್ತದೆ, ಮತ್ತು ಹತ್ತು ಮನೆಯ ಗೀಜರುಗಳು ಒಂದೇ ಗಳಿಗೆಯಲ್ಲಿ ಕಾಯುವುದು ಅಪರೂಪ. ಟಿಸಿಯ ಗಾತ್ರವನ್ನು ನಿರ್ಧರಿಸುವುದೇ ಎಲ್ಲರೂ ಎಲ್ಲವನ್ನೂ ಒಟ್ಟಿಗೆ ಹಚ್ಚುವುದಿಲ್ಲವೆಂಬ ನಂಬಿಕೆಯ ಮೇಲೆ. ಕಾರಾದರೋ ತಾಸುಗಟ್ಟಲೆ ಒಂದೇ ಸಮನೆ ಎಳೆಯುತ್ತದೆ. ಕೆಲಸ ಮುಗಿಸಿ ಎಲ್ಲರೂ ಮನೆ ಸೇರುವ ಹೊತ್ತೂ ಒಂದೇ. ಆಗ ಟಿಸಿಯಿಂದ ದೂರದ ಕಡೆಯ ಮನೆಯಲ್ಲಿ ಕೂತವರಿಗೆ, ವೋಲ್ಟೇಜು ಇಳಿದು, ಫ್ಯಾನಿನ ಸದ್ದು ಒಂದು ಸ್ವರ ಕೆಳಗಿಳಿದಂತೆ ಕೇಳಿಸುತ್ತದೆ.

ಟಿಸಿಯೊಳಗಿನ ಸುರುಳಿಗಳು ಕಾಗದದ ಹೊದಿಕೆಯಲ್ಲಿ, ಎಣ್ಣೆಯಲ್ಲಿ ಮುಳುಗಿರುತ್ತವೆ. ಸುರುಳಿಯ ಅತಿ ಬಿಸಿಯಾದ ಭಾಗ ತನ್ನ ಮಿತಿಗಿಂತ 6 ಡಿಗ್ರಿ ಹೆಚ್ಚು ಕಾದರೆ ಕಾಗದ ಸವೆಯುವ ವೇಗ ಇಮ್ಮಡಿಯಾಗುತ್ತದೆಂದು ಎಂಜಿನಿಯರರು ಲೆಕ್ಕ ಹಿಡಿಯುತ್ತಾರೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ದಿನವಿಡೀ ಕಾದ ಟಿಸಿಗೆ ಆರಿಕೊಳ್ಳಲು ಸಿಗುವುದು ನಡುರಾತ್ರಿಯಿಂದ ಬೆಳಗಿನ ತನಕದ ಕೆಲವೇ ತಾಸು. ಆ ಬಿಡುವನ್ನೂ ಕಾರುಗಳು ಪೂರ್ತಿ ಕಸಿದುಕೊಂಡರೆ ಅದು ಮರುದಿನವೇ ಸುಡುವುದಿಲ್ಲ. ಒಳಗೊಳಗೇ ಹಣ್ಣಾಗುತ್ತ ಹೋಗಿ, ಯಾವುದೋ ಬೇಸಿಗೆಯ ರಾತ್ರಿ ಕೈಕೊಡುತ್ತದೆ.

ಜನ ಹೆದರುವುದು ಹೆದ್ದಾರಿ ಬದಿಯ 60 ಕಿಲೋವಾಟಿನ ವೇಗದ ಚಾರ್ಜರುಗಳಿಗೆ, ಬಸ್ ಡಿಪೋಗಳಿಗೆ. ನನಗೆ ಅವುಗಳ ಭಯ ಕಡಿಮೆ. ಅಲ್ಲಿ ಅರ್ಜಿ ಹೋಗುತ್ತದೆ, ಲೋಡು ಮಂಜೂರಾಗುತ್ತದೆ, ಬೇಕಾದರೆ ಬೇರೆ ಟಿಸಿಯೇ ಬರುತ್ತದೆ. ಯಾರಿಗೂ ಹೇಳದೆ ಮನೆಯಲ್ಲಿ ಸೇರಿಕೊಳ್ಳುವ ಚಾರ್ಜರೇ ನಿಜವಾದ ತೊಡಕು. ನಮ್ಮ ಭಾಗಕ್ಕೆ ವಿದ್ಯುತ್ ಪೂರೈಸುವ ಕಂಪನಿ ಹೆಸ್ಕಾಂನ ಉಪವಿಭಾಗ ಕಚೇರಿಗೆ ತಿಳಿಸಿದರೆ ಲೈನ್‌ಮನ್ ಮನೆಗಳನ್ನು ಮೂರು ಫೇಸುಗಳಿಗೆ ಸರಿಯಾಗಿ ಹಂಚಬಲ್ಲ. ತಿಳಿಯದಿದ್ದರೆ ಅವನಿಗೆ ಗೊತ್ತಾಗುವುದು ಫ್ಯೂಸು ಹೋದ ಮೇಲೆ.

ಹೊತ್ತಿನ ವಿಷಯವೊಂದು ಉಳಿಯಿತು. ಬಿಸಿಲಿರುವ ತಾಸುಗಳಲ್ಲಿ ವಿದ್ಯುತ್ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇಕಡ 20ರಷ್ಟು ಕಡಿಮೆ ಇರಬೇಕೆಂದು ಕೇಂದ್ರ ಸರ್ಕಾರ 2023ರಲ್ಲಿ ನಿಯಮ ಮಾಡಿತು. ಕಚೇರಿ, ಕಾಲೇಜುಗಳ ಆವರಣದಲ್ಲಿ ದಿನವಿಡೀ ಸುಮ್ಮನೆ ನಿಲ್ಲುವ ಕಾರುಗಳಿಗೆ ಅಲ್ಲೇ ಚಾರ್ಜರು ಸಿಕ್ಕರೆ ಓಣಿಯ ಟಿಸಿಗೆ ಅವುಗಳ ಗೊಡವೆಯೇ ಇರುವುದಿಲ್ಲ. ಮನೆಯಲ್ಲೇ ಆಗಬೇಕೆಂದರೆ ಟೈಮರ್ ಇದೆ, ಆದರೆ ಎಲ್ಲರೂ ಹನ್ನೊಂದಕ್ಕೇ ಇಟ್ಟರೆ ಏಳರ ಗದ್ದಲ ಹನ್ನೊಂದಕ್ಕೆ ಸರಿಯುತ್ತದೆ, ಅಷ್ಟೇ.

ಧಾರವಾಡದಿಂದ ಹುಬ್ಬಳ್ಳಿಗೆ ದಿನಾಲೂ ಹೋಗಿಬರುವುದೆಂದರೆ ಸುಮಾರು 40 ಕಿಲೋಮೀಟರ್. ಅದಕ್ಕೆ ಆರೇಳು ಯೂನಿಟ್ ಸಾಕು, 3.3 ಕಿಲೋವಾಟಿನ ಸಣ್ಣ ಚಾರ್ಜರು ಅಷ್ಟನ್ನು ಎರಡು ತಾಸಿನಲ್ಲಿ ತುಂಬುತ್ತದೆ. ಒಂದೇ ಟಿಸಿಯ ನಾಲ್ಕು ಮನೆಯವರು ರಾತ್ರಿ ಹತ್ತರಿಂದ ಬೆಳಗಿನ ಆರರೊಳಗೆ ಸರದಿ ಹಚ್ಚಿಕೊಂಡರೆ, ಯಾವ ಗಳಿಗೆಯಲ್ಲೂ ಆ ಟಿಸಿಯ ಮೇಲೆ ಬೀಳುವ ಹೆಚ್ಚಿನ ಭಾರ ಹದಿನಾಲ್ಕು ಆಂಪಿಯರ್ ಮಾತ್ರ.

ನಮಸ್ಕಾರ.