ಸಭೆ ಮುಗಿದ ಮೇಲೆ ಉಳಿಯುವ ಮಾತು

(ಧಾರವಾಡದಲ್ಲಿ ಕೃಷಿ ಸ್ನಾತಕೋತ್ತರ ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಇವತ್ತು ನೀವು ಸೆಮಿನಾರ್ ಕೊಡುವವರು, ನಾಳೆ ಹಳ್ಳಿಗೆ ಹೋಗಿ ರೈತರ ಮುಂದೆ ನಿಲ್ಲುವವರು. ಸ್ಲೈಡಿನ ಬಣ್ಣ, ಅಕ್ಷರದ ಗಾತ್ರ ಇವನ್ನೆಲ್ಲ ನಾನು ಎತ್ತುವುದಿಲ್ಲ. ಅಷ್ಟನ್ನು ನಿಮಗೆ ಮೊಬೈಲೇ ಹೇಳಿಕೊಡುತ್ತದೆ. ನನ್ನದು ಒಂದೇ ಪ್ರಶ್ನೆ. ನಿಮ್ಮ ಮಾತು ಕೇಳಿದವನೊಬ್ಬ ಜುಬಿಲಿ ಸರ್ಕಲ್ಲಿನಲ್ಲಿ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೊರಟಿದ್ದಾನೆ. ಪಕ್ಕದ ಸೀಟಿನವರು "ಏನ್ ಹೇಳಿದ್ರಪಾ ಅವರು?" ಅಂದರೆ ಅವನ ಬಾಯಿಂದ ಯಾವ ವಾಕ್ಯ ಬರಬೇಕು? "ಮಳಿ ನೀರಿನ ಬಗ್ಗೆ ಏನೋ ಛಲೋ ಹೇಳಿದ್ರು" ಅಂದನೋ, ನಿಮ್ಮ ಅರ್ಧ ತಾಸು ನೀರಿಗೆ ಹೋಯಿತು. ಬರಬೇಕಾದ ಆ ವಾಕ್ಯವನ್ನು ಮೊದಲು ಹಾಳೆಯ ಮೇಲೆ ಬರೆದುಕೊಳ್ರಿ. ಲ್ಯಾಪ್‌ಟಾಪ್ ಆಮೇಲೆ ತೆಗೆಯಿರಿ.

ಕೃಷಿಹೊಂಡದ ವಿಷಯವನ್ನೇ ಹಿಡಿಯೋಣ. ನಮ್ಮ ಹುಡುಗರ ಸ್ಲೈಡು ಹೇಗಿರುತ್ತದೆ? ಮೇಲೆ "ಪೀಠಿಕೆ" ಅಂತ ದಪ್ಪಕ್ಷರ. ಕೆಳಗೆ ವಾರ್ಷಿಕ ಸರಾಸರಿ ಮಳೆ, ಹರಿದುಹೋಗುವ ನೀರಿನ ಶೇಕಡಾವಾರು, ಜಲಾನಯನದ ವಿಸ್ತೀರ್ಣ, ಒಂದು ಉದ್ದನೆಯ ಕೋಷ್ಟಕ. "ಹಿಂದೆ ಕೂತವರಿಗೆ ಕಾಣಲಿಕ್ಕಿಲ್ಲ, ಕ್ಷಮಿಸಿ" ಅಂತ ಒಂದು ಮಾತು ಬೇರೆ. ಕಾಣೂದಿಲ್ಲ ಅಂತ ಗೊತ್ತಿದ್ದೂ ಯಾಕ ಹಾಕಿದಿ ತಮ್ಮಾ?

ಅದರ ಬದಲು ಲೆಕ್ಕ ಹೀಗೆ ಮಾಡ್ರಿ. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಅದರ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 4,047 ಲೀಟರ್ ನೀರು. ಈ ಲೆಕ್ಕ ನಿಮ್ಮ ಹತ್ತಿರ ಇರಲಿ. ನವಲಗುಂದದ ಕಡೆಯ ಎರೆಹೊಲದ ರೈತರ ಮುಂದೆ ನಿಂತಾಗ ಕೇಳಬೇಕಾದದ್ದು ಇಷ್ಟು: "ಯಜಮಾನ್ರ, ನಿನ್ನೆ ಸಂಜಿಗೆ 25 ಮಿಲಿಮೀಟರ್ ಮಳಿ ಆತು ಅಂತ ತಿಳೀರಿ. ನಿಮ್ಮ ಒಂದು ಎಕರೆ ಮ್ಯಾಲೆ ಬಿದ್ದದ್ದು ಒಂದು ಲಕ್ಷ ಲೀಟರ್. ಟ್ರ್ಯಾಕ್ಟರಿಗೆ ಕಟ್ಟಿ ತರಸ್ತೀರಲ್ಲ, ನಾಕು ಸಾವಿರ ಲೀಟರಿನ ಟ್ಯಾಂಕರ್, ಅಂಥವು ಇಪ್ಪತ್ತೈದು. ಅದರಾಗ ಹಳ್ಳಕ್ಕ ಹರದು ಹೋದವು ಎಷ್ಟು?" ಕೇಳಿ ಸುಮ್ಮನೆ ನಿಲ್ರಿ. ಅವರವರೇ ಮಾತಾಡಿಕೊಳ್ಳಲಿ. ಮಿಲಿಮೀಟರಿಗೊಂದು ಟ್ಯಾಂಕರ್! ಇದು ಬಸ್ಸಿನಲ್ಲಿ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಹೋಗುವ ಮಾತು. ಯಾಕೆಂದರೆ ಬೇಸಿಗೆಯಲ್ಲಿ ಟ್ಯಾಂಕರಿಗೆ ಎಷ್ಟು ತೆತ್ತೆ ಅನ್ನುವುದು ರೈತನಿಗೆ ಬಾಯಿಪಾಠ. ಹೊಸ ಅಂಕಿಯನ್ನು ನೀವು ಆ ನೆನಪಿಗೆ ಗಂಟು ಹಾಕಿದಿರಿ.

ಮರೆವನ್ನು ಮೊದಮೊದಲು ಅಳೆದು ನೋಡಿದವನು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಅಳಿಸುತ್ತದೆ ಎಂದು 1885ರಲ್ಲಿ ಪ್ರಕಟಿಸಿದ. ಒಂದು ತಾಸಿನೊಳಗೆ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಮರುದಿನಕ್ಕೆ ಉಳಿದದ್ದು ಸುಮಾರು ಮೂರರಲ್ಲೊಂದು ಪಾಲು. ತರಬೇತಿ ಶಿಬಿರಗಳಲ್ಲಿ ಈ ಅಂಕಿ ತೋರಿಸಿ ಹೆದರಿಸುವವರು ಬಹಳ. ಆದರೆ ಆತ ಉರು ಹೊಡೆದದ್ದು ಅರ್ಥವೇ ಇಲ್ಲದ್ದನ್ನು ಎಂಬುದನ್ನು ಅವರು ಹೇಳುವುದಿಲ್ಲ. ಅರ್ಥ ಇದ್ದದ್ದು ಅಷ್ಟು ಬೇಗ ಅಳಿಸುವುದಿಲ್ಲ. ಹಾಗಂತ ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ: ನಿಮ್ಮ ವಿಭಾಗದ ಸಂಕ್ಷೇಪಾಕ್ಷರಗಳು ತುಂಬಿದ ಸ್ಲೈಡು ಹೊರಗಿನವನಿಗೆ ಆ ಅಕ್ಷರಗುಚ್ಛವೇ.

ಇನ್ನು ಪರದೆಯ ಮೇಲೆ ಇದ್ದದ್ದನ್ನೇ ಓದುವ ಚಟ. ಇದು ನನಗೆ ಎಳ್ಳಷ್ಟೂ ಸೇರುವುದಿಲ್ಲ. ಜನ ನಿಮಗಿಂತ ಬೇಗ ಓದಿ ಮುಗಿಸಿ, ನೀವು ಮುಗಿಸುವುದನ್ನೇ ಕಾಯುತ್ತ ಕೂರುತ್ತಾರೆ. ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ಪ್ರಯೋಗಗಳಲ್ಲಿ, ಚಿತ್ರ ತೋರಿಸಿ ಬಾಯಿಂದ ವಿವರಿಸಿದಾಗ ಕಲಿತವರು, ಅದೇ ವಿವರಣೆಯನ್ನು ಪರದೆಯ ಮೇಲೂ ಬರೆದಾಗ ಕಲಿತವರಿಗಿಂತ ಮುಂದಿದ್ದರು. ಒಂದು ವಿನಾಯಿತಿ ಉಂಟು: ಕೇಳುವವರಿಗೆ ಭಾಷೆ ಹೊಸದಾಗಿದ್ದರೆ ಬರಹ ನೆರವಿಗೆ ಬರುತ್ತದೆ. ಕನ್ನಡ ಮಾಧ್ಯಮದಿಂದ ಬಂದ ಹುಡುಗರಿಗೆ ಇಂಗ್ಲಿಷಿನಲ್ಲಿ ಪಾಠ ಮಾಡುವಾಗ ಹೊಸ ಪಾರಿಭಾಷಿಕ ಶಬ್ದವನ್ನು ಪರದೆಯ ಮೇಲೆ ಬರೆಯಲೇಬೇಕು. ಮಾತು ಕನ್ನಡದಲ್ಲಿ, ಸ್ಲೈಡು ಇಂಗ್ಲಿಷಿನಲ್ಲಿ ಇಟ್ಟುಕೊಂಡು ಹಳ್ಳಿಗೆ ಹೋಗುವುದು ಮಾತ್ರ ಬೇಡ. ತೋರಿಸಲು ಏನೂ ಇಲ್ಲದಾಗ ಕೀಲಿಮಣೆಯ 'ಬಿ' ಒತ್ತಿದರೆ ಪವರ್‌ಪಾಯಿಂಟ್ ಪರದೆ ಕಪ್ಪಾಗುತ್ತದೆ. ಕಣ್ಣೆಲ್ಲ ನಿಮ್ಮ ಕಡೆ ತಿರುಗುತ್ತವೆ.

ತಿರುಗಿ ತಿರುಗಿ ಹೇಳುವುದನ್ನು ಧಾರವಾಡದವರಿಗೆ ಕಲಿಸಬೇಕೇ? ಖ್ಯಾಲ್ ಹಾಡುವ ಗವಾಯಿ ಆಲಾಪ, ತಾನಗಳಲ್ಲಿ ಎಲ್ಲೆಲ್ಲಿ ಸುತ್ತಿದರೂ ಬಂದಿಶಿನ ಮುಖಡಾ, ಅಂದರೆ ಹಾಡಿನ ಮೊದಲ ತುಣುಕು ಹಿಡಿದು, ತಾಳದ ಮೊದಲ ಪೆಟ್ಟಾದ ಸಮ್‌ಗೆ ಬಂದೇ ಬರುತ್ತಾನೆ. ಬಂದ ಕ್ಷಣಕ್ಕೆ ಸಭೆ ತಲೆದೂಗುತ್ತದೆ. ನಿಮ್ಮ ಟ್ಯಾಂಕರಿನ ವಾಕ್ಯಕ್ಕೂ ಹಾಗೇ ಬೇರೆ ಬೇರೆ ದಾರಿಯಿಂದ ಬರ್ರಿ. ಹೊಂಡದ ಅಳತೆ ಹೇಳುವಾಗ ಒಮ್ಮೆ, ಬದುವಿನ ಮಾತು ಬಂದಾಗ ಒಮ್ಮೆ, ಖರ್ಚಿನ ಲೆಕ್ಕದಲ್ಲಿ ಮತ್ತೊಮ್ಮೆ.

ಹೊತ್ತಿನ ಬಗ್ಗೆಯೂ ಒಂದು ಮಾತು. ನಮ್ಮ ಕಡೆ ಕಾರ್ಯಕ್ರಮ ಅಂದರೆ ಸ್ವಾಗತಗೀತೆ, ದೀಪ, ಶಾಲು, ಹಾರ, ಅತಿಥಿಗಳ ಹಿತನುಡಿ. ಇಪ್ಪತ್ತು ನಿಮಿಷ ಅಂತ ಕರೆದಿರುತ್ತಾರೆ, ಕೈಗೆ ಹತ್ತು ಸಿಕ್ಕರೆ ಪುಣ್ಯ, ಅಷ್ಟರಲ್ಲಿ ಹಿಂದಿನಿಂದ ಒಗ್ಗರಣೆ ವಾಸನೆ ಬೇರೆ. ಹತ್ತು ನಿಮಿಷದ್ದನ್ನೂ ಬೇರೆಯಾಗಿ ತಯಾರಿಸಿಕೊಂಡೇ ಹೋಗ್ರಿ. ಇಲ್ಲದಿದ್ದರೆ ಇಪ್ಪತ್ತರದ್ದನ್ನೇ ಓಡಿಸುತ್ತೀರಿ, ಒಂದಕ್ಷರ ತಲೆಗೆ ಹತ್ತುವುದಿಲ್ಲ.

ಕೊನೆಗೆ ಕೇಳಿದ್ದು ಹೆಚ್ಚು ನೆನಪಿರುತ್ತದೆ. ಆ ಜಾಗವನ್ನು ನಾವು ಗುಲಾಬಿ ಹೂವಿನ "ಧನ್ಯವಾದಗಳು" ಸ್ಲೈಡಿಗೆ ಕೊಟ್ಟುಬಿಡುತ್ತೇವೆ. ಇಲ್ಲವೇ ಪ್ರಶ್ನೋತ್ತರದಲ್ಲಿ ಯಾರೋ ವಿಷಯಕ್ಕೆ ಸಂಬಂಧವಿಲ್ಲದ್ದು ಕೇಳುತ್ತಾರೆ, ಅದೇ ಕೊನೆಯ ಮಾತಾಗುತ್ತದೆ. ಪ್ರಶ್ನೆಗಳನ್ನು ಸ್ವಲ್ಪ ಮೊದಲೇ ತೆಗೆದುಕೊಂಡು, ಕಡೆಯ ಎರಡು ನಿಮಿಷ ನಿಮಗೇ ಇಟ್ಟುಕೊಳ್ರಿ. ನಾನೂ ಹಾಗೇ ಮಾಡುತ್ತೇನೆ. ಈಗ ಕೇಳ್ರಿ, ಹಿಂದಿನ ಸಾಲಿನವರು ಮೊದಲು.