ಟೈರಿನೊಳಗೆ ರಾಗಿಕಾಳಿನಂಥ ಮಣಿ

ಕೇಳುಗರೇ, ನಮಸ್ಕಾರ. ನಾನು ತುಮಕೂರಿನವನು. ಇಪ್ಪತ್ತು ವರ್ಷ ಲಾರಿ ಓಡಿಸಿದೆ, ಈಗ ಎರಡು ಲಾರಿ ಇಟ್ಟುಕೊಂಡು ಬೇರೆಯವರ ಕೈಲಿ ಓಡಿಸುತ್ತಿದ್ದೇನೆ. ಒಂದು ತಿಪಟೂರಿನಲ್ಲಿ ಕೊಬ್ಬರಿ ತುಂಬಿಕೊಂಡು ಉತ್ತರದ ಕಡೆ ಹೋಗುತ್ತದೆ. ಇನ್ನೊಂದು ಕೊರಟಗೆರೆ, ಮಧುಗಿರಿ ಸುತ್ತ ಜಲ್ಲಿ ಹೊಡೆಯುತ್ತದೆ. ಇವತ್ತು ನಾನು ಮಾತಾಡುವುದು ಈ ಲಾರಿಗಳ ಮುಂದಿನ ಚಕ್ರ ಅದುರುವ ವಿಷಯ, ಅದನ್ನು ನಿಲ್ಲಿಸಲು ಟೈರಿನೊಳಗೆ ಹಾಕುವ ಮಣಿಯ ವಿಷಯ.

ಹೋದ ವರ್ಷ ಕೊಬ್ಬರಿ ಲಾರಿಗೆ ಮುಂದೆ ಎರಡೂ ಹೊಸ ಟೈರು ಹಾಕಿಸಿದೆ. ಒಳಗೆ ಟ್ಯೂಬ್ ಇಲ್ಲದ ಟ್ಯೂಬ್‌ಲೆಸ್ ಟೈರು, ಅಳತೆ 295/80 ಆರ್ 22.5. ಹೊಸ ಟೈರು ಹಾಕಿಸಿದವನಿಗೆ ಒಂದು ನೆಮ್ಮದಿ ಇರುತ್ತದೆ ನೋಡಿ, ಅದು ನನಗೆ ಒಂದೇ ಟ್ರಿಪ್ ಉಳಿಯಿತು. ಡ್ರೈವರ್ ಫೋನ್ ಮಾಡಿದ. "ಅಣ್ಣಾ, ಅರವತ್ತು ದಾಟಿದ್ರೆ ಸ್ಟೇರಿಂಗ್ ಅದುರುತ್ತೆ. ಹಿರಿಯೂರು ಬರೋ ಹೊತ್ತಿಗೆ ಕೈ ಜೋಮು ಹಿಡಿಯುತ್ತೆ" ಅಂದ. ನಾನು ಮೊದಲು ಅವನನ್ನೇ ಬೈದೆ. ಮಾಲೀಕರಾದ ಮೇಲೆ ಎಲ್ಲರೂ ಮಾಡುವುದು ಅದನ್ನೇ ಅಲ್ವಾ. ಆಮೇಲೆ ನಾನೇ ಶಿರಾವರೆಗೆ ಓಡಿಸಿ ನೋಡಿದೆ. ಅವನು ಹೇಳಿದ್ದು ನಿಜ.

ಚಕ್ರದಲ್ಲಿ ತೂಕ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಎಷ್ಟೇ ಒಳ್ಳೆ ಟೈರು ಆಗಿರಲಿ, ಒಂದು ಕಡೆ ರಬ್ಬರ್ ಒಂದಿಷ್ಟು ಜಾಸ್ತಿ, ಇನ್ನೊಂದು ಕಡೆ ಕಮ್ಮಿ. ಚಿಕ್ಕವರಿದ್ದಾಗ ಬುಗುರಿಗೆ ಒಂದು ಪಕ್ಕ ಕೆಸರು ಮೆತ್ತಿಕೊಂಡರೆ ಹೇಗೆ ಒದ್ದಾಡಿಕೊಂಡು ತಿರುಗುತ್ತಿತ್ತು, ಹಾಗೇ. ಟೈರು, ಅದು ಕೂರುವ ಕಬ್ಬಿಣದ ಚಕ್ರ, ಅದಕ್ಕೆ ನಾವು ಡಿಸ್ಕು ಅನ್ನುತ್ತೇವೆ, ಎರಡೂ ಸೇರಿದರೆ ನೂರು ಕಿಲೋ ಹತ್ತಿರ ಬರುತ್ತದೆ, ಅದರಲ್ಲಿ ನೂರು ಗ್ರಾಂ ಯಾವ ಲೆಕ್ಕ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆದರೆ ಆ ನೂರು ಗ್ರಾಂ ಡಿಸ್ಕಿನ ಅಂಚಿನಲ್ಲಿದ್ದರೆ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದು ಸುಮಾರು 3 ಕಿಲೋ ಭಾರದಷ್ಟು ಬಲದಿಂದ ಚಕ್ರವನ್ನು ಎಳೆಯುತ್ತದೆ. 80ಕ್ಕೆ ಹೋದರೆ ಐದೂವರೆ ಕಿಲೋ. ಅದೂ ಸೆಕೆಂಡಿಗೆ ಏಳು ಸಲ, ಒಮ್ಮೆ ಮೇಲೆ, ಒಮ್ಮೆ ಕೆಳಗೆ. ವೇಗ ಎರಡು ಪಟ್ಟಾದರೆ ಈ ಎಳೆತ ನಾಲ್ಕು ಪಟ್ಟಾಗುತ್ತದೆ. ಊರೊಳಗೆ ಸುಮ್ನೆ ಇದ್ದ ಲಾರಿ ಹೈವೇ ಹತ್ತಿದ ಕೂಡಲೇ ಅದುರಲು ಶುರುಮಾಡುವುದು ಇದಕ್ಕೇ.

ಕಾರಿನವರು ಇದಕ್ಕೆ ಬ್ಯಾಲೆನ್ಸಿಂಗ್ ಮಾಡಿಸುತ್ತಾರೆ. ಮಿಷನ್ ಮೇಲೆ ಚಕ್ರ ತಿರುಗಿಸಿ, ಹಗುರ ಇರುವ ಕಡೆ ಡಿಸ್ಕಿನ ಅಂಚಿಗೆ ಸೀಸದ ತುಂಡು ಹೊಡೆಯುತ್ತಾರೆ. ಲಾರಿಯವರಲ್ಲಿ ಅಲೈನ್‌ಮೆಂಟ್, ಅಂದರೆ ಚಕ್ರ ನೇರ ಕೂರಿಸುವುದು, ಮಾಡಿಸುವವರು ಸಿಗುತ್ತಾರೆ, ಬ್ಯಾಲೆನ್ಸಿಂಗ್ ಮಾಡಿಸುವವರು ಅಪರೂಪ. ನಾನು ಮಾಡಿಸಿದೆ. ಅದುರುವುದು ನಿಂತೇಹೋಯಿತು. ಎರಡು ತಿಂಗಳಿಗೆ ಮತ್ತೆ ಶುರು. ನೋಡಿದರೆ ಎಡಗಡೆ ಚಕ್ರದ ಸೀಸ ಮಾಯ! ಪಂಕ್ಚರ್ ಹಾಕುವಾಗ ಸಲಾಕೆ ತಗುಲಿತೋ, ಯಾವ ಹಂಪ್ಸಿನಲ್ಲಿ ಹಾರಿತೋ ದೇವರಿಗೇ ಗೊತ್ತು. ಬಿದ್ದ ಸೀಸ ರಸ್ತೆಯಲ್ಲಿ ನುಣ್ಣಗಾಗಿ ಮಣ್ಣು ಸೇರುತ್ತದೆ, ಅದು ವಿಷ. ಯುರೋಪಿನಲ್ಲಿ ಕಾರುಗಳಿಗೆ ಸೀಸ ಹೊಡೆಯುವುದನ್ನು 2005ರಲ್ಲೇ ನಿಲ್ಲಿಸಿದರು. ಈಗ ಕಬ್ಬಿಣದ್ದು, ಸತುವಿನದ್ದು ಬಂದಿವೆ. ಯಾವುದಾದರೇನು, ಬೀಳುವುದು ಬಿದ್ದೇ ಬೀಳುತ್ತದೆ.

ಆಗ ಕ್ಯಾತ್ಸಂದ್ರದ ಹತ್ತಿರದ ಒಂದು ಟೈರ್ ಅಂಗಡಿಯಲ್ಲಿ ಈ ಮಣಿಯ ವಿಷಯ ಕೇಳಿದೆ. ಇಂಗ್ಲಿಷಿನಲ್ಲಿ ಬ್ಯಾಲೆನ್ಸಿಂಗ್ ಬೀಡ್ಸ್ ಅನ್ನುತ್ತಾರೆ. ಆದರೆ ಟೈರಿನ ಅಂಚಿನಲ್ಲಿ ತಂತಿ ಕಟ್ಟು ಇರುತ್ತದಲ್ಲ, ಡಿಸ್ಕಿಗೆ ಕಚ್ಚಿಕೊಳ್ಳುವ ಭಾಗ, ಅದಕ್ಕೂ ಬೀಡ್ ಅಂತಲೇ ಹೆಸರು. ಗಲಿಬಿಲಿ ಬೇಡ, ನಾನು ಮಣಿ ಅಂತಲೇ ಹೇಳುತ್ತೇನೆ. ಗಾಜು ಅಥವಾ ಪಿಂಗಾಣಿಯಂಥ ವಸ್ತುವಿನಿಂದ ಮಾಡಿದ ಸಣ್ಣ ಗುಂಡುಗಳು. ರಾಗಿಕಾಳಿನಷ್ಟು ಅಂದುಕೊಳ್ಳಿ, ಕೆಲವು ಇನ್ನೂ ಸಣ್ಣ. ಟೈರಿನ ಅಳತೆ ನೋಡಿ ಪ್ಯಾಕೆಟ್ ಕೊಡುತ್ತಾರೆ. ಲಾರಿ ಟೈರು ಅಂದರೆ ಒಂದಕ್ಕೆ ಹೆಚ್ಚುಕಡಿಮೆ 250 ರಿಂದ 350 ಗ್ರಾಂ. ಡಿಸ್ಕಿಗೆ ಟೈರು ಹಾಕುವಾಗಲೇ ಒಳಗೆ ಸುರಿದು ಗಾಳಿ ಹೊಡೆಯುವುದು, ಅಷ್ಟೇ ಕೆಲಸ. ಆಮೇಲೆ ಅವು ಒಳಗೆ ಅಂಟಿಕೊಳ್ಳದೆ ಓಡಾಡಿಕೊಂಡು ಇರುತ್ತವೆ. ನಮ್ಮ ಭಾವ ಇದನ್ನು ಕೇಳಿ, "ಹಂಗಾದ್ರೆ ಮನೇಲಿರೋ ರಾಗೀನೇ ಹಾಕು" ಅಂದರು. ಹಾಕಬಹುದು ಭಾವ, ಟೈರು ಬಿಚ್ಚುವಾಗ ಹಿಟ್ಟು ಸಿಗುತ್ತದೆ, ಮುದ್ದೆ ತಿರುವಿಕೊಳ್ಳಬಹುದು.

ಈಗ ಎಲ್ಲರೂ ಕೇಳುವ ಪ್ರಶ್ನೆ. ಬಿಟ್ಟ ಮಣಿ ಭಾರ ಇರುವ ಕಡೆಗೇ ತಾನೇ ಹೋಗಬೇಕು, ಹಗುರ ಇರುವ ಕಡೆಗೆ ಯಾಕೆ ಹೋಗುತ್ತದೆ? ನಾನೂ ಅಂಗಡಿಯವರ ಜೊತೆ ಅರ್ಧ ಗಂಟೆ ಜಗಳ ಆಡಿದ್ದು ಇದಕ್ಕೇ. ಅವರು ವಾಷಿಂಗ್ ಮಿಷನ್ ತೋರಿಸಿ ಹೇಳಿದರು. ಮೇಲಿಂದ ಬಟ್ಟೆ ಹಾಕುವ ಮಿಷನ್ನಿನ ಡ್ರಮ್ಮಿನ ಬಾಯಿ ಸುತ್ತ ಒಂದು ದಪ್ಪ ಪ್ಲಾಸ್ಟಿಕ್ ಬಳೆ ಇರುತ್ತದೆ. ಮನೆಯಲ್ಲಿದ್ದರೆ ಅಲ್ಲಾಡಿಸಿ ನೋಡಿ, ಒಳಗೆ ನೀರು ಕುಲುಕುವ ಸದ್ದು ಬರುತ್ತದೆ. ಅದು ಉಪ್ಪು ನೀರು. ಬಟ್ಟೆ ಒಂದೇ ಕಡೆ ಗುಡ್ಡೆಯಾಗಿ ಡ್ರಮ್ ಜೋರಾಗಿ ತಿರುಗಿದಾಗ, ಆ ನೀರು ಎದುರು ಕಡೆಗೆ ಸರಿದು ಸಮ ಮಾಡುತ್ತದೆ. ಯಾಕೆಂದರೆ ನೇತಾಡುವ ವಸ್ತು ಸಾಕಷ್ಟು ಜೋರಾಗಿ ತಿರುಗಿದಾಗ ತನ್ನ ನಟ್ಟನಡುವಿನ ಸುತ್ತ ತಿರುಗುವುದಿಲ್ಲ, ತೂಕದ ನಡುವಿನ ಸುತ್ತ ತಿರುಗಲು ನೋಡುತ್ತದೆ. ಆಗ ಭಾರದ ಕಡೆ ಒಳಕ್ಕೆ ಸರಿಯುತ್ತದೆ, ಹಗುರದ ಕಡೆ ಹೊರಕ್ಕೆ ಹೋಗುತ್ತದೆ. ಬಿಟ್ಟ ನೀರೋ ಮಣಿಯೋ ಎಲ್ಲಿ ನಡುವಿನಿಂದ ಜಾಸ್ತಿ ದೂರವೋ ಅಲ್ಲಿಗೆ ಓಡುತ್ತದೆ. ಅದೇ ಹಗುರದ ಕಡೆ.

ನನಗೆ ಇದು ಒಪ್ಪಿಗೆಯಾಯಿತು. ಆದರೆ ಇದರಲ್ಲೇ ಒಂದು ಕೊಕ್ಕೆಯೂ ಇದೆ, ಮಾರುವವರು ಅದನ್ನು ಹೇಳುವುದಿಲ್ಲ. ಸಾಕಷ್ಟು ಜೋರಾಗಿ ತಿರುಗಿದಾಗ ಅಂದೆನಲ್ಲ, ಆ ಜೋರು ಇಲ್ಲದಿದ್ದರೆ ಕೆಲಸ ಉಲ್ಟಾ, ಮಣಿ ಭಾರದ ಕಡೆಗೇ ಸೇರಿಕೊಳ್ಳಬಹುದು. ವಾಷಿಂಗ್ ಮಿಷನ್ ಡ್ರಮ್ ಸ್ಪ್ರಿಂಗಿನಲ್ಲಿ ಆರಾಮಾಗಿ ನೇತಾಡುತ್ತದೆ. ಲಾರಿ ಚಕ್ರ ಹಾಗಲ್ಲ. ಮೇಲೆ ಸ್ಪ್ರಿಂಗ್ ಪ್ಲೇಟಿನ ಕಟ್ಟು, ಪಕ್ಕದಲ್ಲಿ ಭಾರದ ಆಕ್ಸಲ್, ಕೆಳಗೆ ರಸ್ತೆ, ಅದಕ್ಕೆ ಅಷ್ಟು ಸ್ವತಂತ್ರ ಎಲ್ಲಿದೆ? ಜೊತೆಗೆ ನಮ್ಮ ಲಾರಿಗಳಿಗೆ ಸ್ಪೀಡ್ ಗವರ್ನರ್ ಇದೆ, 80 ದಾಟುವ ಹಾಗಿಲ್ಲ. ಆದ್ದರಿಂದಲೇ ಈ ಮಣಿ ಎಷ್ಟು ಕೆಲಸ ಮಾಡುತ್ತದೆ ಅನ್ನುವುದರಲ್ಲಿ ತಿಳಿದವರಲ್ಲೇ ಒಂದು ಮಾತಿಲ್ಲ. ಕೆಲವು ಟೈರ್ ಕಂಪನಿಗಳು ಹಾಕಬಹುದು ಅನ್ನುತ್ತವೆ, ಕೆಲವು ಒಪ್ಪುವುದಿಲ್ಲ. ಹಾಕುವ ಮೊದಲು ವಾರಂಟಿ ಕಾಗದ ಓದಿಸಿಕೊಳ್ಳಿ.

ನನ್ನ ಅನುಭವ ಹೇಳುತ್ತೇನೆ. ಕೊಬ್ಬರಿ ಲಾರಿಗೆ ಮಣಿ ಹಾಕಿಸಿ ಹನ್ನೊಂದು ತಿಂಗಳಾಯಿತು. ಹೊರಟಾಗ ಮೊದಲ ಒಂದೆರಡು ನಿಮಿಷ ಸಣ್ಣಗೆ ಅದುರುತ್ತದೆ, ಆಮೇಲೆ ನಿಲ್ಲುತ್ತದೆ. ಮಿಷನ್ನಿನಲ್ಲಿ ಸೀಸ ಹೊಡೆಸಿದಾಗ ಇದ್ದಷ್ಟು ನುಣುಪು ಇಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಅದು ಎರಡು ತಿಂಗಳು ಇತ್ತು, ಇದು ಇನ್ನೂ ಇದೆ. ಟೈರು ಸವೆದ ಹಾಗೆ ಹಗುರದ ಜಾಗ ಬದಲಾದರೂ ಮಣಿ ತಾನೇ ಜಾಗ ಹುಡುಕಿಕೊಳ್ಳುತ್ತದೆ. ನಿಂತ ಲಾರಿಯಲ್ಲಿ ಅದು ಕೆಳಗೆ ಬಿದ್ದಿರುತ್ತದೆ, ಓಡಿದಾಗ ಮತ್ತೆ ಹೊಸದಾಗಿ ಹರಡಿಕೊಳ್ಳುತ್ತದೆ.

ಇದೇ ಖುಷಿಯಲ್ಲಿ ಜಲ್ಲಿ ಲಾರಿಗೂ ಹಾಕಿಸೋಣ ಅಂತ ಹೋದೆ. ಅದೂ ಅದುರುತ್ತಿತ್ತು. ಅಲ್ಲಿ ವಯಸ್ಸಾದ ಒಬ್ಬ ಮೇಸ್ತ್ರಿ ಇದ್ದರು. ಪ್ಯಾಕೆಟ್ ತೆಗೆದುಕೊಳ್ಳಲು ಬಿಡಲೇ ಇಲ್ಲ. "ಮೊದ್ಲು ಜಾಕಿ ಹಾಕಪ್ಪ" ಅಂದರು. ಚಕ್ರ ಎತ್ತಿಸಿದರು, ಡಿಸ್ಕಿನ ಪಕ್ಕಕ್ಕೆ ಒಂದು ಸೀಮೆಸುಣ್ಣ ಹಿಡಿದು ಕೂತರು, ಚಕ್ರ ಮೆಲ್ಲಗೆ ತಿರುಗಿಸಿದರು. ಸೀಮೆಸುಣ್ಣ ಅರ್ಧ ಸುತ್ತಿಗೆ ಮಾತ್ರ ಗೆರೆ ಎಳೆಯಿತು, ಇನ್ನರ್ಧಕ್ಕೆ ತಾಗಲೇ ಇಲ್ಲ. ಡಿಸ್ಕ್ ಸೊಟ್ಟ. ಆಮೇಲೆ ಚಕ್ರದ ಮೇಲೆ ಕೆಳಗೆ ಕೈ ಹಾಕಿ ಅಲ್ಲಾಡಿಸಿದರು, ಟಕ್ ಟಕ್ ಅಂತು. ಸ್ಟೇರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಯಾವುದರ ಮೇಲೆ ತಿರುಗುತ್ತದೋ ಆ ಕಿಂಗ್ ಪಿನ್ ಸವೆದುಹೋಗಿತ್ತು. ಡಿಸ್ಕಿನ ಒಳಮೈಯಲ್ಲಿ ಒಣಗಿ ಕಲ್ಲಾದ ಕೆಸರು ಬೇರೆ, ಉಳಿ ಹಾಕಿ ಕಿತ್ತರೆ ಒಂದು ಬಾಣಲಿ ಬಂತು. "ಇದಕ್ಕೆ ಮಣಿ ಹಾಕ್ತೀಯಾ, ಮುತ್ತೇ ಹಾಕ್ತೀಯಾ?" ಅಂದರು. ನಾನು ಬಾಯಿ ಮುಚ್ಚಿಕೊಂಡೆ.

ಅಷ್ಟೇ ಅಲ್ಲ, ಆ ಲಾರಿಗೆ ಇರುವುದು 10.00-20 ಟೈರು, ಟ್ಯೂಬು, ಫ್ಲಾಪು, ಲಾಕ್ ರಿಂಗಿನ ಹಳೇ ಪದ್ಧತಿ. ಮಣಿ ಹೇಳಿಮಾಡಿಸಿದ್ದು ಟ್ಯೂಬ್‌ಲೆಸ್ಸಿಗೆ. ಅದೂ ಅಲ್ಲದೆ ಕ್ವಾರಿ ರಸ್ತೆಯಲ್ಲಿ 30ರಲ್ಲಿ ಕುಂಟುವ ಲಾರಿಗೆ ಬ್ಯಾಲೆನ್ಸಿಂಗ್ ಯಾಕೆ ಬೇಕು? ಹೈವೇಯಲ್ಲಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡುವ ಲಾರಿ, ಅದರಲ್ಲೂ ಮುಂದಿನ ಚಕ್ರ, ಅಲ್ಲಿ ಹಾಕಿದರೆ ದುಡ್ಡಿಗೆ ಬೆಲೆ. ಸೊಟ್ಟ ಡಿಸ್ಕು, ಸಡಿಲ ಬೇರಿಂಗು, ಸತ್ತ ಶಾಕ್ ಅಬ್ಸಾರ್ಬರ್, ದುಂಡಗಿಲ್ಲದ ಟೈರು, ಇವಕ್ಕೆ ಮಣಿ ಮದ್ದಲ್ಲ.

ಹಾಕಿಸುವವರು ನೀರಿನ ವಿಷಯ ನೋಡಿಕೊಳ್ಳಬೇಕು. ಒಳಗೆ ತೇವ ಇದ್ದರೆ ಮಣಿಗಳು ಒಂದಕ್ಕೊಂದು ಅಂಟಿ ಉಂಡೆಯಾಗುತ್ತವೆ. ಉಂಡೆಯಾದರೆ ಬ್ಯಾಲೆನ್ಸ್ ಮಾಡುವುದಿರಲಿ, ಅದೇ ಹೊಸ ಭಾರ. ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಕಂಪ್ರೆಸರ್ ಟ್ಯಾಂಕಿನ ನೀರು ಬಿಡುವ ಅಭ್ಯಾಸವೇ ಇಲ್ಲ. ಟ್ಯಾಂಕಿನ ಕೆಳಗಿನ ತಿರುಪು ಬಿಚ್ಚಿಸಿ, ಬರುವ ಕಂದು ನೀರು ನೋಡಿ, ಆಮೇಲೆ ಗಾಳಿ ಹೊಡೆಸಿ. ಟೈರು ಕೂರಿಸಲು ಹಚ್ಚುವ ಸೋಪಿನ ನೀರು ಒಳಗೆ ಚೆಲ್ಲಬಾರದು. ಪಂಕ್ಚರ್ ತಡೆಯುವ ದ್ರವ ಹಾಕಿದ ಟೈರಿಗಂತೂ ಮಣಿ ಹಾಕಲೇಬೇಡಿ. ಮಣಿ ಇರುವ ಚಕ್ರವನ್ನು ಬ್ಯಾಲೆನ್ಸಿಂಗ್ ಮಿಷನ್ನಿಗೆ ಏರಿಸಿದರೆ ಒಂದೊಂದು ಸಲ ಒಂದೊಂದು ನಂಬರ್ ತೋರಿಸುತ್ತದೆ, ಅದನ್ನು ನಂಬಿ ಸೀಸ ಹೊಡೆಸಬೇಡಿ. ಸವೆದ ಟೈರಿಗೆ ಹೊಸ ರಬ್ಬರ್ ಹಾಕಿಸಲು ರೀಸೋಲ್‌ಗೆ ಕೊಡುವ ಮೊದಲು ಮಣಿ ತೆಗೆದು ಡಬ್ಬಿಗೆ ತುಂಬಿಟ್ಟುಕೊಳ್ಳಿ, ಮತ್ತೆ ಬಳಸಬಹುದು.

ವಾಲ್ವಿನ ಪಿನ್ನು ಸಹ ಮಾಮೂಲಿಯದ್ದು ಆಗುವುದಿಲ್ಲ, ಜಾಲರಿ ಇರುವ ಪಿನ್ನು ಪ್ಯಾಕೆಟ್ ಜೊತೆ ಕೊಡುತ್ತಾರೆ. ಇಲ್ಲದಿದ್ದರೆ ಗಾಳಿ ನೋಡುವಾಗ ಮಣಿ ಬಂದು ವಾಲ್ವಿನಲ್ಲಿ ಸಿಕ್ಕಿಕೊಂಡು ಗಾಳಿ ಸೋರುತ್ತದೆ. ನಮ್ಮ ಲಾರಿಗೆ ಒಮ್ಮೆ ದಾರಿಯಲ್ಲಿ ಪಂಕ್ಚರ್ ಆಯಿತು. ಅಂಗಡಿಯ ಹುಡುಗ, ಹದಿನೆಂಟೋ ಹತ್ತೊಂಬತ್ತೋ, ಒಳಗೇನಿದೆ ಅಂತ ಅವನಿಗೇನು ಗೊತ್ತು, ಮುಖ ಬಗ್ಗಿಸಿಕೊಂಡು ಪಿನ್ನು ಬಿಚ್ಚಿದ. ಉಳಿದ ಗಾಳಿಯ ಜೊತೆ ಮಣಿ ಸಿಡಿದವು. ಪುಣ್ಯಕ್ಕೆ ಕೆನ್ನೆಗೆ ಬಡಿದು ಹೋಯಿತು, ಕಣ್ಣಿಗೆ ಬೀಳಲಿಲ್ಲ. ಡ್ರೈವರ್ ಫೋನಿನಲ್ಲಿ ಇದನ್ನು ಹೇಳಿದ ದಿನವೇ ಬಿಳಿ ಪೇಂಟ್ ತರಿಸಿ ಬರೆಸಿದೆ. ಈಗ ನಮ್ಮ ಲಾರಿಯ ಮುಂದಿನ ಎರಡೂ ಡಿಸ್ಕಿನ ಮೇಲೆ, ವಾಲ್ವಿನ ಪಕ್ಕದಲ್ಲೇ, ಕನ್ನಡದಲ್ಲೂ ಹಿಂದಿಯಲ್ಲೂ ದಪ್ಪ ಅಕ್ಷರದಲ್ಲಿ ಇದೆ: ಒಳಗೆ ಮಣಿ ಇದೆ, ಮುಖ ದೂರ ಇಡಿ. ನಮಸ್ಕಾರ.