ಗಾಡಿ ಬದಲಾಯಿತು, ಪಾಲಿಸಿ ಬದಲಾಯಿತೇ?

ಎಲ್ಲರಿಗೂ ನಮಸ್ಕಾರ.

ಗಾಡಿಯನ್ನೋ ಅದರ ಬಳಕೆಯನ್ನೋ ಬದಲಿಸಿದರೆ ವಿಮಾ ಕಂಪನಿಗೆ ಯಾಕೆ, ಹೇಗೆ ತಿಳಿಸಬೇಕು ಎಂಬುದೇ ಇವತ್ತಿನ ವಿಷಯ. ಮಂಡ್ಯದಲ್ಲಿ ನಿಂತು ಗಾಡಿ ವಿಷಯ ಮಾತಾಡುವಾಗ ಕಬ್ಬಿನ ಟ್ರ್ಯಾಕ್ಟರ್‌ನಿಂದಲೇ ಶುರು ಮಾಡಬೇಕು. ಟ್ರ್ಯಾಕ್ಟರ್‌ಗೆ ಇನ್ಶೂರೆನ್ಸ್ ಇದ್ದರೆ ಹಿಂದಿನ ಟ್ರೇಲರ್‌ಗೂ ಇದ್ದ ಹಾಗೇ ಅಂತ ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ಟ್ರೇಲರ್‌ಗೆ ಅದರದೇ ನೋಂದಣಿ ಬೇಕು, ಅದರದೇ ಚಾಸಿ ನಂಬರ್ ಪಾಲಿಸಿಯಲ್ಲಿ ಕಾಣಬೇಕು. ಎರಡು ಟ್ರೇಲರ್ ಇದ್ದರೆ ಎರಡು ನಂಬರೂ ಇರಬೇಕು. ಇನ್ನೊಂದು, ಕೃಷಿ ಬಳಕೆಗೆ ಅಂತ ಬರೆಸಿದ ಟ್ರ್ಯಾಕ್ಟರ್‌ನಲ್ಲಿ ಬಾಡಿಗೆಗೆ ಇಟ್ಟಿಗೆ, ಜಲ್ಲಿ ಹೊಡೆದರೆ ಅದು ಬಳಕೆಯ ಬದಲಾವಣೆ. ಗಾಡಿಗೆ ಒಂದು ಬೋಲ್ಟೂ ಹೊಸದಾಗಿ ಹಾಕಿಲ್ಲದಿದ್ದರೂ ಅದನ್ನು ಕಂಪನಿಗೆ ತಿಳಿಸಲೇಬೇಕು.

ಕಂಪನಿ ವಿಮೆ ಕೊಟ್ಟಿರುವುದು ನಿಮ್ಮ ಮನೆ ಮುಂದೆ ನಿಂತಿರುವ ಗಾಡಿಗಲ್ಲ, ಕಾಗದದಲ್ಲಿ ವರ್ಣಿಸಿರುವ ಗಾಡಿಗೆ. ಎರಡೂ ಒಂದೇ ಆಗಿರುವವರೆಗೆ ತೊಂದರೆ ಇಲ್ಲ. ಬೇರೆಯಾದ ದಿನದಿಂದ ಜಗಳ ಶುರು, ಆದರೆ ಅದು ಗೊತ್ತಾಗುವುದು ಅಪಘಾತವಾದ ಮೇಲೆ.

ಮೊದಲು ಆರ್‌ಟಿಓ, ಆಮೇಲೆ ವಿಮಾ ಕಂಪನಿ. ಈ ಕ್ರಮ ತಿರುಗಿಸಬೇಡಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ, ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸಾಲದ ಗಾಡಿಯಾದರೆ ಫೈನಾನ್ಸ್‌ನವರ ಲಿಖಿತ ಒಪ್ಪಿಗೆಯನ್ನೂ ಮೊದಲೇ ಪಡೆಯಿರಿ. ಮಂಡ್ಯದ ಕೆಎ 11 ಇರಲಿ, ನಾಗಮಂಗಲದ ಕೆಎ 54 ಇರಲಿ, ಮೈಸೂರಿನ ಕೆಎ 09, ಕೆಎ 55 ಇರಲಿ, ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಬೇಕು. ಆ ದಾಖಲೆ ಇಲ್ಲದೆ ವಿಮಾ ಕಂಪನಿಗೆ ಹೇಳಿದರೆ, ನಿಮ್ಮ ತಪ್ಪನ್ನು ನೀವೇ ಬರೆದುಕೊಟ್ಟಂತೆ. ಮುಂದಿನ ಬುಲ್ ಬಾರ್‌ನಂಥದ್ದನ್ನಂತೂ ಘೋಷಿಸುವ ಪ್ರಶ್ನೆಯೇ ಇಲ್ಲ. ಅದು 52ನೇ ಕಲಮಿನ ಉಲ್ಲಂಘನೆ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ಬಿಚ್ಚಿಹಾಕಿ.

ಈಗ ಬಾಡಿ. ದುಡ್ಡು ಹೆಚ್ಚು ಕೈಬಿಡುವುದು ಇಲ್ಲೇ. ಚಾಸಿ, ಅಂದರೆ ಎಂಜಿನ್, ಚಕ್ರ ಇರುವ ಚೌಕಟ್ಟು ಮಾತ್ರ ಕೊಂಡು ಹೊರಗೆ ಬಾಡಿ ಕಟ್ಟಿಸುತ್ತೀರಿ. ಚಾಸಿ ಇನ್‌ವಾಯ್ಸ್ 8,00,000, ಬಾಡಿ ಬಿಲ್ 1,40,000 ಅಂತ ಇಟ್ಟುಕೊಳ್ಳಿ. ಆರು ತಿಂಗಳೊಳಗಿನ ಗಾಡಿಗೆ ಶೇ 5 ಸವಕಳಿ ಕಳೆದರೆ ಚಾಸಿಯ ಐಡಿವಿ, ಅಂದರೆ ಗಾಡಿ ಪೂರ್ತಿ ಹೋದರೆ ಕಂಪನಿ ಲೆಕ್ಕಕ್ಕೆ ಹಿಡಿಯುವ ಬೆಲೆ, 7,60,000, ಬಾಡಿಯದು 1,33,000. ಷೋರೂಮಿನಲ್ಲಿ ಆತುರಾತುರವಾಗಿ ಮಾಡಿಸಿದ ಪಾಲಿಸಿಯಲ್ಲಿ ಚಾಸಿ ಬೆಲೆ ಮಾತ್ರ ಇರುವುದುಂಟು. ಗಾಡಿ ಕಳುವಾದರೆ ಆ 1,33,000 ಹೋಯಿತು. ಕಳುವಾಗದೆ ಬಾಡಿ ಮಾತ್ರ ನಜ್ಜುಗುಜ್ಜಾದರೂ ರಿಪೇರಿ ಖರ್ಚು ನಿಮ್ಮ ತಲೆಗೇ. ಪಾಲಿಸಿಯ ಷೆಡ್ಯೂಲ್‌ನಲ್ಲಿ ಚಾಸಿ, ಬಾಡಿ ಅಂತ ಬೇರೆ ಬೇರೆ ಮೊತ್ತ ಇದೆಯೇ ನೋಡಿ. ಬಾಡಿ ಕಟ್ಟಿದವರಿಂದ ಜಿಎಸ್‌ಟಿ ಬಿಲ್ ಮತ್ತು ಬಾಡಿ ನಿಯಮದಂತಿದೆ ಅಂತ ಅವರು ಕೊಡುವ ಪ್ರಮಾಣಪತ್ರ, ಫಾರಂ 22-ಎ, ಕೇಳಿ ಪಡೆಯಿರಿ. ಕೈಬರಹದ ಚೀಟಿಯನ್ನು ಹಾನಿ ಅಂದಾಜು ಮಾಡಲು ಬರುವ ಸರ್ವೇಯರ್ ಒಪ್ಪುವುದಿಲ್ಲ.

ತೂಕದ ವಿಷಯ ಇದಕ್ಕೇ ಅಂಟಿಕೊಂಡಿದೆ. ಬಾಡಿ ಭಾರವಾದಷ್ಟೂ ಹೊರುವ ಶಕ್ತಿ ಕಡಿಮೆಯಾಗುತ್ತದೆ, ಏಕೆಂದರೆ ಒಟ್ಟು ತೂಕದ ಮಿತಿಯನ್ನು ತಯಾರಕರು ಗೊತ್ತು ಮಾಡಿರುತ್ತಾರೆ. ಬೇಸಿಗೆ ಬಂತೆಂದರೆ ಪಿಕಪ್ ಮೇಲೆ ನೀರಿನ ಟ್ಯಾಂಕ್ ಕೂರಿಸುತ್ತಾರೆ. ಸಾವಿರ ಲೀಟರ್ ನೀರು ಅಂದರೆ ಸಾವಿರ ಕಿಲೋ, ಟ್ಯಾಂಕು, ಸ್ಟ್ಯಾಂಡು, ಪಂಪಿನ ತೂಕ ಬೇರೆ. 750 ಕಿಲೋ ಹೊರುವ ಸಣ್ಣ ಗಾಡಿಗೆ ಸಾವಿರ ಲೀಟರಿನ ಟ್ಯಾಂಕ್ ಇಟ್ಟ ದಿನವೇ ಓವರ್‌ಲೋಡ್. ಟ್ಯಾಂಕಿನೊಳಗೆ ತಡೆ ಹಲಗೆ ಇಲ್ಲದಿದ್ದರೆ ಅರ್ಧ ತುಂಬಿದ ನೀರು ತಿರುವಿನಲ್ಲಿ ಒಂದೇ ಪಕ್ಕಕ್ಕೆ ನುಗ್ಗಿ ಗಾಡಿ ಮಗುಚುತ್ತದೆ. ಹಿಂದಿನ ಸ್ಪ್ರಿಂಗಿಗೆ ಎರಡು ಪ್ಲೇಟ್ ಹೆಚ್ಚಿಗೆ ಹಾಕಿಸಿದ್ದೇನೆ ಸಾರ್, ತಡೆಯುತ್ತೆ ಅನ್ನುತ್ತಾರೆ. ಸ್ಪ್ರಿಂಗ್ ತಡೆಯಬಹುದು, ಬ್ರೇಕು, ಆಕ್ಸೆಲ್, ಟೈರು ಹಳೆಯವೇ. ಆರ್‌ಸಿಯ ಅಂಕಿಯಂತೂ ಬದಲಾಗುವುದಿಲ್ಲ.

ಸಿಎನ್‌ಜಿ ಕಿಟ್ಟಿನ ವಿಷಯದಲ್ಲಿ ನಿಯಮ ಸ್ಪಷ್ಟ. ಅನುಮೋದಿತ ಕಿಟ್, ಅಧಿಕೃತ ಫಿಟ್ಟಿಂಗ್ ಕೇಂದ್ರ, ಆರ್‌ಸಿಯಲ್ಲಿ ಇಂಧನದ ಬದಲಾವಣೆ, ಆಮೇಲೆ ಪಾಲಿಸಿಯಲ್ಲಿ ದಾಖಲೆ. ಹಳೆಯ ಮೋಟಾರ್ ಟ್ಯಾರಿಫ್‌ನ, ಅಂದರೆ ಎಲ್ಲ ಕಂಪನಿಗೂ ಒಂದೇ ಇದ್ದ ದರಪಟ್ಟಿಯ ಲೆಕ್ಕದಲ್ಲಿ ಕಿಟ್ ಬೆಲೆಯ ಶೇ 4 ಹೆಚ್ಚುವರಿ ಪ್ರೀಮಿಯಂ, ಥರ್ಡ್ ಪಾರ್ಟಿಗೆ, ಅಂದರೆ ಬೇರೆಯವರಿಗೆ ಆಗುವ ಹಾನಿಯ ವಿಮೆಗೆ, 60 ರೂಪಾಯಿ. 60,000ದ ಕಿಟ್ಟಿಗೆ 2,460 ರೂಪಾಯಿ, ತೆರಿಗೆ ಬೇರೆ. ಈಗ ಸ್ವಂತ ಹಾನಿಯ ದರವನ್ನು ಕಂಪನಿಗಳೇ ಗೊತ್ತು ಮಾಡುವುದರಿಂದ ಸ್ವಲ್ಪ ಹೆಚ್ಚುಕಮ್ಮಿ ಇರಬಹುದು. ಈ ಮೊತ್ತ ಉಳಿಸಲು ಹೋಗಿ ಬೆಂಕಿಯ ಕ್ಲೇಮ್ ಕಳೆದುಕೊಳ್ಳುವುದು ಯಾವ ಲೆಕ್ಕ?

ಬೆಂಕಿ ಅಂದಕೂಡಲೇ ವೈರಿಂಗ್ ನೆನಪಾಗಬೇಕು. ತಿಂಡಿ ಗಾಡಿ ಮಾಡಿಸುವವರು ದಯವಿಟ್ಟು ಗಮನಿಸಿ. 12 ವೋಲ್ಟ್ ಬ್ಯಾಟರಿಯಿಂದ 1,000 ವಾಟ್‌ನ ಇನ್ವರ್ಟರ್ ಪೂರ್ತಿ ಓಡಿದರೆ 83 ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ. ಅದನ್ನು ಹೆಡ್‌ಲೈಟಿನ ವೈರಿಗೆ ಜೋಡಿಸಿದರೆ ವೈರು ಕರಗುತ್ತದೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇದೆಯೇ, ರಿಲೇ ಇದೆಯೇ, ಹೊಸ ವೈರು ಎಲ್ಲಿಂದ ಹೊರಟಿದೆ ಅಂತ ಸರ್ವೇಯರ್ ಬೂದಿಯಲ್ಲೂ ಹುಡುಕುತ್ತಾರೆ. ಇನ್ವರ್ಟರ್, ಹೆಚ್ಚುವರಿ ದೀಪ, ಧ್ವನಿವರ್ಧಕಗಳ ಬೆಲೆಯನ್ನು ವಿದ್ಯುತ್ ಸಲಕರಣೆಗಳು ಅಂತ ಪ್ರತ್ಯೇಕವಾಗಿ ಬರೆಸಬೇಕು. 14.2 ಕೆ.ಜಿ.ಯ ಮನೆ ಸಿಲಿಂಡರ್ ಇಟ್ಟುಕೊಂಡು ವ್ಯಾಪಾರ ಮಾಡುವುದಂತೂ ಕಾನೂನಿಗೇ ವಿರುದ್ಧ. ಗಾಡಿಯೊಳಗಿನ ವೆಲ್ಡಿಂಗ್ ಮೆಷಿನ್, ಡ್ರಿಲ್, ಸರಕು ಇವು ಮೋಟಾರ್ ಪಾಲಿಸಿಗೆ ಸೇರಿದವಲ್ಲ, ಅವಕ್ಕೆ ಬೇರೆ ಪಾಲಿಸಿ ಬೇಕು.

ತಿಳಿಸುವುದು ಹೇಗೆ? ಏಜೆಂಟರಿಗೆ ಫೋನಿನಲ್ಲಿ ಹೇಳಿದರೆ ಹೇಳಿದಂತೆ ಆಗುವುದಿಲ್ಲ. ಪಾಲಿಸಿ ನಂಬರ್ ನಮೂದಿಸಿ ಕಂಪನಿಗೇ ಇ-ಮೇಲ್ ಅಥವಾ ಪತ್ರ ಬರೆಯಿರಿ. ಜೊತೆಗೆ ಹೊಸ ಆರ್‌ಸಿ, ಬಿಲ್ಲುಗಳು, ನಾಲ್ಕೂ ಕಡೆಯಿಂದ ತೆಗೆದ ಫೋಟೋ, ಚಾಸಿ ನಂಬರಿನ ಫೋಟೋ ಇರಲಿ. ಕಂಪನಿ ಗಾಡಿ ಪರಿಶೀಲಿಸಬಹುದು, ಪ್ರೀಮಿಯಂ ವ್ಯತ್ಯಾಸ ಕೇಳಬಹುದು. ವಿಮಾ ಕಾಯ್ದೆಯ 64ವಿಬಿ ಕಲಂ ಪ್ರಕಾರ ಪ್ರೀಮಿಯಂ ಕಟ್ಟುವ ಮೊದಲು ಹೊಣೆ ಶುರುವಾಗದು. ಕೈಗೆ ಬರಬೇಕಾದ್ದು, ಬದಲಾವಣೆ ಪಾಲಿಸಿಗೆ ಸೇರಿತು ಅಂತ ಕಂಪನಿ ಬರೆದುಕೊಡುವ ಎಂಡಾರ್ಸ್‌ಮೆಂಟ್ ಎಂಬ ಹಾಳೆ. ಅದರಲ್ಲಿ ಜಾರಿ ದಿನಾಂಕ ಓದಿ. ಸರಕು ವಾಹನದವರು ಅದೇ ಸಲ ಐಎಂಟಿ 23 ಎಂಬ ಹೆಚ್ಚುವರಿ ರಕ್ಷಣೆ ಇದೆಯೇ ಅಂತಲೂ ಕೇಳಿ. ಅದಿಲ್ಲದಿದ್ದರೆ ಬಂಪರ್, ಮಡ್‌ಗಾರ್ಡ್, ದೀಪಗಳ ಹಾನಿಗೆ ಸಾಮಾನ್ಯವಾಗಿ ದುಡ್ಡು ಬರದು.

ತಿಳಿಸದಿದ್ದರೆ ಎಲ್ಲವೂ ಮುಳುಗಿತು ಅಂತಲ್ಲ, ಅಷ್ಟು ಹೆದರಿಸುವುದು ನ್ಯಾಯವೂ ಅಲ್ಲ. 2010ರ ಅಮಲೇಂದು ಸಾಹೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಳಕೆಯ ಷರತ್ತು ಮುರಿದಿದ್ದರೂ ಸ್ವಂತ ಹಾನಿಯ ಕ್ಲೇಮನ್ನು ಪೂರ್ತಿ ತಳ್ಳಿಹಾಕದೆ ನಾನ್‌ಸ್ಟ್ಯಾಂಡರ್ಡ್ ಆಧಾರದಲ್ಲಿ, ಅಂದರೆ ಒಂದು ಪಾಲು ಕಡಿತ ಮಾಡಿ, ಇತ್ಯರ್ಥ ಮಾಡಬೇಕೆಂದಿತು. ಅಂಥ ಇತ್ಯರ್ಥದಲ್ಲಿ ಗರಿಷ್ಠ ಶೇ 75. ಕ್ಲೇಮ್ ತಿರಸ್ಕರಿಸಿದ ಪತ್ರ ಬಂದರೆ ಇದನ್ನು ಉಲ್ಲೇಖಿಸಿ ಮತ್ತೆ ಬರೆಯಿರಿ, ಆಮೇಲೆ ವಿಮಾ ದೂರು ಕೇಳುವ ಒಂಬುಡ್ಸ್‌ಮನ್ ಅಥವಾ ಗ್ರಾಹಕರ ಆಯೋಗ ಇದ್ದೇ ಇದೆ. ಥರ್ಡ್ ಪಾರ್ಟಿ ವಿಷಯ ಇನ್ನೂ ಕಠಿಣ. ಗಾಯಗೊಂಡವರಿಗೆ ಕಂಪನಿ ಪರಿಹಾರ ಕೊಟ್ಟು, ನಂತರ ಮಾಲೀಕರಿಂದ ವಸೂಲಿ ಮಾಡುವಂತೆ ನ್ಯಾಯಮಂಡಳಿ ಆದೇಶಿಸಬಹುದು. ಹೊಲ, ಮನೆಯ ಮೇಲೆ ಬರುವ ಹೊರೆ ಅದು.

ಕೊನೆಯದಾಗಿ ನವೀಕರಣ. ಮೊಬೈಲಿನಲ್ಲಿ ಕಂಪನಿ ಬದಲಿಸಿ ನವೀಕರಿಸಿದರೆ ಹಳೆಯ ಎಂಡಾರ್ಸ್‌ಮೆಂಟ್ ತಾನಾಗಿ ಬರುವುದಿಲ್ಲ. ಬಾಡಿ, ಕಿಟ್, ಟ್ರೇಲರ್ ಎಲ್ಲವನ್ನೂ ಮತ್ತೆ ತುಂಬಬೇಕು. ಕಿಟ್ ತೆಗೆಸಿದ್ದರೆ ಆರ್‌ಸಿಯಿಂದಲೂ ತೆಗೆಸಿ, ಕಂಪನಿಗೂ ತಿಳಿಸಿ. ಈಗ ಪ್ರಶ್ನೆ ಕೇಳುವವರು ಆರ್‌ಸಿ, ಪಾಲಿಸಿ ಎರಡನ್ನೂ ಕೈಯಲ್ಲಿ ಹಿಡಿದು ಬನ್ನಿ, ನೋಡಿಯೇ ಮಾತಾಡೋಣ.